ಪವರ್ ಯಾರ ಕೈಲಿದೆ?

ಮೊದಲೇ ಹೇಳಿಬಿಡುತ್ತೇನೆ. ಇದು ಒಂದು ಲ್ಯಾಪ್‌ಟಾಪಿನ ಕತೆ. ಈ ಪುಟಗಳಲ್ಲಿ ಇಂಥದ್ದಕ್ಕೇನು ಕೆಲಸ ಅಂತ ಕೆಲವು ಗೆಳೆಯರು ಮುಖ ಸಿಂಡರಿಸಬಹುದು. ಸಿಂಡರಿಸಲಿ. ನನ್ನ ತಂಗಿಯ ಒಂದು ವರ್ಷದ ಫೀಜು ಆ ಲ್ಯಾಪ್‌ಟಾಪಿನ ಜೊತೆ ಮುಳುಗಿಹೋಯಿತು. ಆ ಫೀಜು ತುಂಬೋದಕ್ಕೆ ಅಪ್ಪ ಎರಡು ಕುರಿ ಮಾರಿದ. ಮನೆಯ ಕುರಿ ಸಂತೆಗೆ ಹೋದ ಮೇಲೆ ಅದು ಬರೀ ಯಂತ್ರದ ಮಾತಾಗಿ ಉಳಿಯುವುದಿಲ್ಲ.

ನಮ್ಮ ಮನೆಯಲ್ಲಿ ಡಿಗ್ರಿ ಅಂತ ಮುಗಿಸಿದ ಮೊದಲನೆಯವನು ನಾನು. ಪದ್ಯ ಬರೆಯುತ್ತೇನೆ. ಎರಡು ವರ್ಷದ ಹಿಂದೆ ಒಂದು ಕವಿಗೋಷ್ಠಿಯಲ್ಲಿ ‘ಪವರ್’ ಅನ್ನೋ ಹೆಸರಿನ ಪದ್ಯ ಓದಿದ್ದೆ. ನಮ್ಮ ಕಡೆ ಪವರ್ ಅಂದರೆ ಕರೆಂಟೂ ಹೌದು, ಅಧಿಕಾರವೂ ಹೌದು. ಆ ಎರಡು ಅರ್ಥಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸಿ, ಗಂಟಲು ಹರಿದುಕೊಂಡು ಕೂಗಿದೆ. ಚಪ್ಪಾಳೆ ಬಿತ್ತು. ಅವತ್ತು ರಾತ್ರಿ ಬಸ್ಸಿನಲ್ಲಿ ವಾಪಸ್ಸು ಬರುವಾಗ ಲೋಕವನ್ನೇ ಅಲುಗಾಡಿಸಿದೆ ಅಂತ ಅಂದುಕೊಂಡಿದ್ದೆ. ಆಮೇಲೆ ಒಂದು ದಿನ, ನನ್ನ ತೊಡೆಯ ಮೇಲಿದ್ದ ಯಂತ್ರದಲ್ಲಿ ‘ಐದು ನಿಮಿಷ’ ಅನ್ನೋದನ್ನು ‘ಮೂವತ್ತು ನಿಮಿಷ’ ಅಂತ ಬದಲಾಯಿಸೋಕ್ಕೆ ನನ್ನ ಕೈಲಿ ಆಗಲಿಲ್ಲ. ಆ ಪದ್ಯ ಬರೆದವನೂ ನಾನೇ, ಈ ಕೈಲಾಗದವನೂ ನಾನೇ.

ಓದು ಮುಗಿದ ಮೇಲೆ ಒಂದು ಸಂಸ್ಥೆಯಲ್ಲಿ ಸರ್ವೆ ಕೆಲಸ ಸಿಕ್ಕಿತು. ಮನೆಮನೆಗೆ ಹೋಗಿ, ಕೇಳಿ, ಅಲ್ಲೇ ಕೂತು ಫಾರಂ ತುಂಬಬೇಕು. ಸಂಬಳ ಅಂತ ಏನೂ ಇಲ್ಲ, ತುಂಬಿದ ಒಂದೊಂದು ಫಾರಮಿಗೆ ಇಷ್ಟು ಅಂತ ಲೆಕ್ಕ. ನಮ್ಮ ತಾಲ್ಲೂಕಿಗೆ ಹನ್ನೊಂದು ಜನ ಇದ್ದೆವು. ಹನ್ನೊಂದು ಜನಕ್ಕೂ ಒಂದೊಂದು ಹಳೇ ಲ್ಯಾಪ್‌ಟಾಪು ಕೊಟ್ಟರು. ಕೊಡುವಾಗ ಸಿಸ್ಟಂ ನೋಡಿಕೊಳ್ಳುವವರು ಒಂದು ಮಾತು ಹೇಳಿದರು: “ನಿಮಗೆ ಕೊಟ್ಟಿರೋದು ಸ್ಟ್ಯಾಂಡರ್ಡ್ ಯೂಸರ್ ಅಕೌಂಟು ಕಣ್ರೀ. ಕೆಲಸ ಎಲ್ಲಾ ಮಾಡಬೌದು. ಏನೂ ಬದಲಾಯಿಸೋ ಹಂಗಿಲ್ಲ.”

ಆ ಮಾತು ನನಗೆ ಹೊಸದು ಅಂತ ಅನ್ನಿಸಲಿಲ್ಲ. ಎಲ್ಲೋ ಕೇಳಿದ ಹಾಗಿತ್ತು. ಎಲ್ಲಿ ಅಂತ ಆಮೇಲೆ ಹೇಳುತ್ತೇನೆ.

ಕಂಪ್ಯೂಟರಿನಲ್ಲಿ ಎರಡು ಥರದ ಜನ ಇರುತ್ತಾರೆ. ಒಬ್ಬ ಅಡ್ಮಿನಿಸ್ಟ್ರೇಟರ್. ಅವನು ಹೊಸ ಪ್ರೋಗ್ರಾಂ ಹಾಕಬಹುದು, ತೆಗೆಯಬಹುದು, ಯಾರಿಗೆ ಎಷ್ಟು ಹಕ್ಕು ಅಂತ ಹಂಚಬಹುದು. ಇನ್ನೊಬ್ಬ ಸಾಮಾನ್ಯ ಬಳಕೆದಾರ. ಅವನು ಬರೆಯಬಹುದು, ಓದಬಹುದು, ತನ್ನ ಫೈಲುಗಳನ್ನು ಇಟ್ಟುಕೊಳ್ಳಬಹುದು. ಯಂತ್ರಕ್ಕೆಲ್ಲ ಸೇರಿದ್ದನ್ನು ಮುಟ್ಟಲು ಹೋದರೆ ಒಂದು ನೀಲಿ-ಹಳದಿ ಗುರಾಣಿಯ ಚಿತ್ರ ಎದುರು ಬಂದು ನಿಂತು, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡು ಕೇಳುತ್ತದೆ. ನಮ್ಮ ಹತ್ತಿರ ಅದಿಲ್ಲ. ಅಲ್ಲಿಗೆ ಮುಗಿಯಿತು.

ನಮ್ಮ ಹನ್ನೊಂದು ಯಂತ್ರಗಳಲ್ಲೂ ಮೂರು ಕಟ್ಟುಗಳಿದ್ದವು. ಒಂದು, ಬ್ಯಾಟರಿಯ ಮೇಲೆ ಓಡುವಾಗ ಐದು ನಿಮಿಷ ಯಾರೂ ಕೀಲಿ ಒತ್ತದಿದ್ದರೆ ಲ್ಯಾಪ್‌ಟಾಪು ನಿದ್ದೆಗೆ ಜಾರಬೇಕು. ಎರಡು, ಹೈಬರ್ನೇಟ್ ಅನ್ನೋದು ಬಂದ್. ಮೂರು, ಬ್ಯಾಟರಿ ನೂರಕ್ಕೆ ಐದಕ್ಕೆ ಇಳಿಯುವ ತನಕ ‘ಮುಗಿಯಿತು’ ಅಂತ ಯಂತ್ರ ಒಪ್ಪಿಕೊಳ್ಳುವುದಿಲ್ಲ.

ಈ ನಿದ್ದೆಗೂ ಹೈಬರ್ನೇಟಿಗೂ ಏನು ವ್ಯತ್ಯಾಸ ಅಂತ ಗೊತ್ತಿಲ್ಲದವರಿಗೆ ಹೇಳಬೇಕು, ಯಾಕೆಂದರೆ ನನಗೂ ಗೊತ್ತಿರಲಿಲ್ಲ. ನಿದ್ದೆ ಅಂದರೆ ನಾವು ಮಾಡುತ್ತಿದ್ದ ಕೆಲಸವೆಲ್ಲ ಯಂತ್ರದ ನೆನಪಿನಲ್ಲೇ ಇರುತ್ತದೆ. ಆ ನೆನಪು ಉಳಿಯೋಕ್ಕೆ ಸ್ವಲ್ಪ ಕರೆಂಟು ಬೇಕೇ ಬೇಕು. ನಿದ್ದೆಯಲ್ಲಿದ್ದಾಗಲೇ ಬ್ಯಾಟರಿ ಪೂರ್ತಿ ಖಾಲಿಯಾದರೆ, ಉಳಿಸದೆ ಬಿಟ್ಟ ಕೆಲಸ ಹೋಯಿತು. ಹೈಬರ್ನೇಟ್ ಅಂದರೆ ಆ ನೆನಪನ್ನೆಲ್ಲ ಡಿಸ್ಕಿನ ಮೇಲೆ ಬರೆದಿಟ್ಟು ಯಂತ್ರ ಪೂರ್ತಿ ಆರಿಹೋಗುವುದು. ಆಮೇಲೆ ಮೂರು ದಿನ ಕರೆಂಟು ಇಲ್ಲದಿದ್ದರೂ ಬಿಟ್ಟ ಕಡೆಯಿಂದಲೇ ಶುರುಮಾಡಬಹುದು. ಒಂದು, ಬಾಯಲ್ಲಿ ಇಟ್ಟುಕೊಂಡ ಲೆಕ್ಕ. ಇನ್ನೊಂದು, ಗೋಡೆಯ ಮೇಲೆ ಮಸಿಯಲ್ಲಿ ಗೀಚಿಟ್ಟ ಲೆಕ್ಕ. ಡಿಸ್ಕಿನಲ್ಲಿ ಜಾಗ ಉಳಿಯಲಿ ಅಂತ ನಮ್ಮ ಯಂತ್ರಗಳಲ್ಲಿ ಆ ಗೋಡೆಯನ್ನೇ ತೆಗೆದುಹಾಕಿದ್ದರು.

ಈಗ ಅವತ್ತಿನ ರಾತ್ರಿಗೆ ಬರುತ್ತೇನೆ.

ನಮ್ಮೂರು ಮಳವಳ್ಳಿ ಕಡೆ. ಮಳೆಗಾಳಿಗೆ ಟ್ರಾನ್ಸ್‌ಫಾರ್ಮರ್ ಸುಟ್ಟು ಮೂರು ದಿನವಾಗಿತ್ತು. ಊರಲ್ಲೂ ಕರೆಂಟಿಲ್ಲ, ಕೇರಿಯಲ್ಲೂ ಇಲ್ಲ. ಕತ್ತಲೆಯ ವಿಷಯದಲ್ಲಿ ಮಾತ್ರ ನಮಗೆ ಸಮಾನತೆ ಬಂದಿತ್ತು. ತಂಗಿ ಬಿ.ಎ. ಎರಡನೇ ವರ್ಷ. ಅವಳ ವಿದ್ಯಾರ್ಥಿವೇತನದ ಅರ್ಜಿಗೆ ಅವತ್ತೇ ಕೊನೆ ದಿನ, ರಾತ್ರಿ ಹನ್ನೆರಡರ ತನಕ. ಕೊನೇ ದಿನದವರೆಗೆ ಯಾಕೆ ಬಿಟ್ಟಿರಿ ಅಂತ ನೀವು ಕೇಳಬಹುದು. ಆದಾಯದ ಪ್ರಮಾಣಪತ್ರ ಕೈಗೆ ಸಿಕ್ಕಿದ್ದೇ ಹಿಂದಿನ ದಿನ. ಫೋನಿನಲ್ಲಿ ತುಂಬಬಹುದಿತ್ತಲ್ಲ ಅಂತಲೂ ಕೇಳಬಹುದು. ಸ್ಕ್ಯಾನ್ ಮಾಡಿದ ಕಾಗದಗಳೆಲ್ಲ ಲ್ಯಾಪ್‌ಟಾಪಿನಲ್ಲಿದ್ದವು, ಫೋನನ್ನು ಇಂಟರ್‌ನೆಟ್ಟಿಗಾಗಿ ಹಾಟ್‌ಸ್ಪಾಟ್ ಮಾಡಿ ಮಾಡಿನ ಸೂರಿಗೆ ನೇತುಹಾಕಿದ್ದೆ. ಅಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ.

ಲ್ಯಾಪ್‌ಟಾಪಿನ ಬೆಳಕೇ ಮನೆಗೆ ದೀಪ. ಅರ್ಜಿ ಅರ್ಧ ತುಂಬಿತು. ಜಾತಿ ಪ್ರಮಾಣಪತ್ರದ ಆರ್.ಡಿ. ನಂಬರು ಕೇಳಿತು.

“ಅಣ್ಣ, ಅದು ಟ್ರಂಕಿನಲ್ಲಿ ಅದೆ” ಅಂದಳು ತಂಗಿ. ಅವ್ವ ಬುಡ್ಡಿ ಹಿಡಿದಳು. ಟ್ರಂಕಿನಲ್ಲಿ ರೇಷನ್ ಕಾರ್ಡು, ಅಜ್ಜನ ಒಂದು ಫೋಟೊ, ನನ್ನ ಮಾರ್ಕ್ಸ್ ಕಾರ್ಡುಗಳು, ಕುರಿ ಸಾಲದ ಚೀಟಿ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಕೊನೆಗೆ ಪ್ರಮಾಣಪತ್ರ ಸಿಕ್ಕಿತು. ತಿರುಗಿ ನೋಡಿದರೆ ಮನೆ ಕತ್ತಲು. ಲ್ಯಾಪ್‌ಟಾಪು ನಿದ್ದೆ ಮಾಡಿತ್ತು.

ಎಬ್ಬಿಸಿದೆ. ಪಾಸ್‌ವರ್ಡು ಕೊಟ್ಟೆ. ಹಾಟ್‌ಸ್ಪಾಟು ಕಳಚಿಹೋಗಿತ್ತು, ಮತ್ತೆ ಜೋಡಿಸಿದೆ. ಅಷ್ಟರಲ್ಲಿ ಅರ್ಜಿಯ ಪುಟ ನಮ್ಮನ್ನು ಮರೆತುಹೋಗಿತ್ತು. ಮೊದಲಿಂದ ಶುರು. ಅಪ್ಪನ ಫೋನಿಗೆ ಓ.ಟಿ.ಪಿ. ಬರಬೇಕು, ಅಪ್ಪನ ಫೋನಿಗೆ ಮನೆಯೊಳಗೆ ಸಿಗ್ನಲ್ಲಿಲ್ಲ. ಅಪ್ಪ ಫೋನು ಹಿಡಿದು ಹುಣಸೆಮರದ ತನಕ ಓಡಿದ. ನಂಬರು ಕೂಗಿಕೊಂಡು ವಾಪಸ್ಸು ಓಡಿಬಂದ. ಅವನು ಬರುವಷ್ಟರಲ್ಲಿ ಅದು ಮತ್ತೆ ನಿದ್ದೆ. ಹೀಗೆ ಮೂರು ಸಲ. ನಡುವೆ ನಾನು ಪವರ್ ಆಪ್ಷನ್ಸ್‌ಗೆ ಹೋಗಿ ನೋಡಿದೆ. ‘ಐದು ನಿಮಿಷ’ ಅನ್ನೋದು ಬೂದಿಬಣ್ಣದಲ್ಲಿ ಕೂತಿತ್ತು. ಒತ್ತಿದರೆ ಒತ್ತುವುದಿಲ್ಲ. ಮೇಲ್ಗಡೆ, ಇದನ್ನೆಲ್ಲ ನಿಮ್ಮ ಸಿಸ್ಟಂ ಅಡ್ಮಿನಿಸ್ಟ್ರೇಟರ್ ನೋಡಿಕೊಳ್ಳುತ್ತಾರೆ ಎಂಬರ್ಥದ ಒಂದು ಇಂಗ್ಲಿಷ್ ಸಾಲು. ರಾತ್ರಿ ಹನ್ನೊಂದು ಗಂಟೆಯಲ್ಲಿ, ಸುಟ್ಟ ಟ್ರಾನ್ಸ್‌ಫಾರ್ಮರಿನ ಕೇರಿಯಲ್ಲಿ, ಯಾವ ಅಡ್ಮಿನಿಸ್ಟ್ರೇಟರ್ ಏನು ನೋಡಿಕೊಳ್ಳುತ್ತಾನೆ?

ಹನ್ನೊಂದೂ ಮುಕ್ಕಾಲಿಗೆ ಬ್ಯಾಟರಿ ಹದಿನಾಲ್ಕು ಅಂತ ತೋರಿಸುತ್ತಿತ್ತು. ಕಣ್ಣು ಮಿಟುಕಿಸುವುದರೊಳಗೆ ಪಟ್ಟಂತ ಆರಿಹೋಯಿತು. ಹದಿಮೂರಿಲ್ಲ, ಹನ್ನೆರಡಿಲ್ಲ. ಹದಿನಾಲ್ಕರಿಂದ ನೇರ ಸೊನ್ನೆ.

ಯಾರೂ ಮಾತಾಡಲಿಲ್ಲ. ತಂಗಿ ಕಾಗದಗಳನ್ನು ಒಂದೊಂದಾಗಿ ಮಡಿಸಿ ಟ್ರಂಕಿಗೆ ಇಟ್ಟಳು. ಅವಳು ಅತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಬೆಳಿಗ್ಗೆ ಎದ್ದವನೇ ತಾಲ್ಲೂಕು ಪೇಟೆಗೆ ಹೋದೆ. ಅಲ್ಲಿ ನನ್ನ ಜೊತೆ ಓದಿದ ಗೆಳೆಯ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಎಲ್ಲ ಹೇಳಿದೆ. ಅವನು ನಕ್ಕ. “ಇಷ್ಟೇ ತಾನೇ? ಒಂದು ಪೆನ್‌ಡ್ರೈವ್ ಹಾಕಿ ಅಡ್ಮಿನ್ ಪಾಸ್‌ವರ್ಡನ್ನೇ ಹಾರಿಸಿಬುಡ್ತೀನಿ ಬಾ ಮಗ. ಅರ್ಧ ಗಂಟೆ ಕೆಲಸ. ಆಮೇಲೆ ನೀನೇ ರಾಜ.”

ನಿಜ ಹೇಳುತ್ತೇನೆ, ಆಸೆಯಾಯಿತು. ಕೈಯಲ್ಲಿದ್ದ ಲ್ಯಾಪ್‌ಟಾಪನ್ನು ಅವನ ಮೇಜಿನ ಮೇಲೆ ಇಟ್ಟೂ ಬಿಟ್ಟಿದ್ದೆ. ಆಮೇಲೆ ಅವನೇ ತಲೆ ಕೆರೆದುಕೊಂಡ. “ಡಿಸ್ಕಿಗೆ ಬೀಗ ಹಾಕಿದ್ರೆ ಕಷ್ಟ ಕಣೋ. ಬಿಟ್‌ಲಾಕರ್ ಇದ್ರೆ ಅದರ ಕೀ ಕೇಳ್ತದೆ. ಕೀ ಇಲ್ಲ ಅಂದ್ರೆ ಒಳಗಿರೋದೆಲ್ಲ ಕೈ ಬಿಟ್ಟಂಗೆ.” ಒಳಗೆ ನಾಲ್ಕು ಹಳ್ಳಿಯ ಜನರ ಮನೆಮಾತು ಇತ್ತು. ಯಾರ ಮನೆಯಲ್ಲಿ ಎಷ್ಟು ಸಾಲ, ಯಾರಿಗೆ ಯಾವ ಕಾಯಿಲೆ. ನನ್ನನ್ನು ನಂಬಿ ಹೇಳಿದ್ದು. ಲ್ಯಾಪ್‌ಟಾಪು ಎತ್ತಿಕೊಂಡು ಬಂದೆ.

ಮನೆಗೆ ಬಂದು ಅಪ್ಪನ ಹತ್ತಿರ ಸಿಟ್ಟಲ್ಲಿ ಕೂಗಾಡಿದೆ. ಬೀಗ ಹಾಕಿದವರನ್ನು ಬಾಯಿಗೆ ಬಂದ ಹಾಗೆ ಬೈದೆ. ಅಪ್ಪ ಬೀಡಿ ಹಚ್ಚಿಕೊಂಡು ಎಲ್ಲ ಕೇಳಿಸಿಕೊಂಡ. ಆಮೇಲೆ ಕೇಳಿದ್ದು ಒಂದೇ ಮಾತು.

“ಬೀಗ ಅವರ್ದು ಸರಿ ಕನ್ಲಾ. ತೂಬಿನ ತಾವು ನಿಂತಿದ್ದೋನು ನೀನಲ್ವಾ? ನೀರು ಸಾಲ್ದು ಅಂತ ಯಾವತ್ತಾದ್ರೂ ಹೇಳಿದ್ಯಾ?”

ನಾನು ಸುಮ್ಮನಾದೆ. ಹೇಳಿರಲಿಲ್ಲ.

ಅಪ್ಪನ ಅಪ್ಪ, ನನ್ನ ಅಜ್ಜ, ಊರ ಕೆರೆಗೆ ನೀರುಗಂಟಿಯಾಗಿದ್ದ. ತೂಬು ಎತ್ತುವ ಕಬ್ಬಿಣದ ಕೋಲು ಇದ್ದದ್ದು ನಮ್ಮ ಮನೆಯಲ್ಲೇ, ಸೂರಿನ ಸಂದಿಯಲ್ಲಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬೇಕು, ಯಾವ ಕಾಲುವೆ ಎಲ್ಲಿ ಸೋರುತ್ತದೆ, ಈ ಸಲದ ನೀರು ಎಷ್ಟು ದಿನ ಬರುತ್ತದೆ, ಎಲ್ಲ ಅಜ್ಜನಿಗೆ ಗೊತ್ತು. ಆದರೆ ಯಾವಾಗ ಎತ್ತಬೇಕು, ಯಾರಿಗೆ ಬಿಡಬೇಕು ಅಂತ ಹೇಳುವವರು ಊರೊಳಗೆ ಕೂತವರು. ಕೋಲು ಅಜ್ಜನ ಕೈಲಿ, ಮಾತು ಅವರ ಬಾಯಲ್ಲಿ. ಕೆಲಸ ಎಲ್ಲಾ ಮಾಡಬೌದು, ಏನೂ ಬದಲಾಯಿಸೋ ಹಂಗಿಲ್ಲ. ಆ ಸಿಸ್ಟಂನವರ ಮಾತು ಎಲ್ಲೋ ಕೇಳಿದ ಹಾಗಿತ್ತು ಅಂದೆನಲ್ಲ, ಇದೇ.

ಆದರೆ ಅಪ್ಪ ಇನ್ನೊಂದು ಮಾತೂ ಹೇಳಿದ. ಅಜ್ಜ ಕೋಲನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲವಂತೆ. ಕಂಡಕಂಡವರು ತೂಬು ಎತ್ತಿದರೆ ಸಂಕ್ರಾಂತಿಗೆ ಮುಂಚೆ ಕೆರೆ ಬರಿದಾಗುತ್ತದೆ, ಕೊನೇ ಗದ್ದೆಯವನು ಸಾಯುತ್ತಾನೆ. ಕೊನೇ ಗದ್ದೆ ಯಾವಾಗಲೂ ಬಡವನದ್ದೇ. ಅಂದರೆ ತೂಬಿಗೆ ಕಟ್ಟು ಬೇಡ ಅಂತ ಅಜ್ಜ ಯಾವತ್ತೂ ಅಂದವನಲ್ಲ. ಕಟ್ಟು ಮಾಡುವಾಗ ತೂಬಿನ ಹತ್ತಿರ ನಿಲ್ಲುವವನನ್ನು ಒಂದು ಮಾತು ಕೇಳಿ ಅನ್ನೋದಷ್ಟೇ ಅವನ ತಕರಾರು. ಕೇಳಿದವರು ಇರಲಿಲ್ಲ. ಅಜ್ಜ ಹೇಳದೆ ಬಿಡುತ್ತಲೂ ಇರಲಿಲ್ಲವಂತೆ.

ಇದನ್ನು ಇಟ್ಟುಕೊಂಡು ನಾನು ಓದೋಕ್ಕೆ ಕೂತೆ. ಪದ್ಯಕ್ಕಾಗಿ ಓದಿದ್ದಲ್ಲ, ಜಗಳಕ್ಕಾಗಿ ಓದಿದ್ದು.

ಬಳಕೆದಾರನಿಗೆ ಅವನ ಕೆಲಸಕ್ಕೆ ಬೇಕಾದಷ್ಟೇ ಹಕ್ಕು ಕೊಡಬೇಕು, ಹೆಚ್ಚಿಗೆ ಕೊಡಬಾರದು ಅನ್ನೋ ತತ್ವವನ್ನು ಅಮೆರಿಕದ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಅನ್ನುವವರು 1975ರಲ್ಲಿ ಒಂದು ಪ್ರಬಂಧದಲ್ಲಿ ಬರೆದಿಟ್ಟರು. ಇವತ್ತಿಗೂ ಲೋಕದ ಕಂಪ್ಯೂಟರುಗಳೆಲ್ಲ ಆ ಮಾತಿನ ಮೇಲೆ ನಿಂತಿವೆ. ಅದು ತಪ್ಪು ತತ್ವವಲ್ಲ. ವೈರಸ್ಸು ಹೊಕ್ಕರೆ, ಹೊಕ್ಕವನಿಗೆ ಎಷ್ಟು ಹಕ್ಕಿದೆಯೋ ಅಷ್ಟೇ ಹಾಳು ಮಾಡಬಲ್ಲದು. ನನಗೆ ಹಕ್ಕು ಕಡಿಮೆ ಇದ್ದದ್ದರಿಂದಲೇ ಆ ನಾಲ್ಕು ಹಳ್ಳಿಯವರ ಮಾತು ಒಂದಷ್ಟು ಭದ್ರವಾಗಿತ್ತು. ಇದನ್ನು ಒಪ್ಪಬೇಕು. ಆದರೆ ಅದೇ ಪ್ರಬಂಧದಲ್ಲಿ ಎಂಟು ತತ್ವಗಳಿವೆ. ಅವುಗಳಲ್ಲಿ ಇನ್ನೊಂದು, ರಕ್ಷಣೆಯ ಕಟ್ಟು ಬಳಸುವ ಮನುಷ್ಯನ ಮನಸ್ಸಿಗೆ ಒಪ್ಪುವಂತಿರಬೇಕು, ಸಲೀಸಾಗಿ ಸರಿಯಾಗಿ ಬಳಸುವಂತಿರಬೇಕು ಅನ್ನುತ್ತದೆ. ಆಫೀಸುಗಳು ಮೊದಲನೆಯದನ್ನು ಗಟ್ಟಿಮಾಡಿಕೊಂಡಿವೆ. ಎರಡನೆಯದನ್ನು ಓದಿದ ಹಾಗೆ ಕಾಣುವುದಿಲ್ಲ.

ಇನ್ನೊಂದು ಸಂಗತಿ ನನ್ನ ಕಣ್ಣು ತೆರೆಸಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ, ಹಕ್ಕು ಕಡಿಮೆಯಿದ್ದ ಬಳಕೆದಾರ ಪವರ್ ಸೆಟ್ಟಿಂಗು ಬದಲಾಯಿಸೋಕ್ಕೆ ಹೋದರೆ ಆಗುತ್ತಲೇ ಇರಲಿಲ್ಲ. ಆ ಸೆಟ್ಟಿಂಗುಗಳನ್ನು ಇಡೀ ಯಂತ್ರಕ್ಕೆ ಸೇರಿದ ರಿಜಿಸ್ಟ್ರಿ ಅನ್ನೋ ಖಾತೆಪುಸ್ತಕದಲ್ಲಿ ಬರೆದಿಡುತ್ತಿದ್ದರು, ಅದರಲ್ಲಿ ಬರೆಯುವ ಹಕ್ಕು ಅಡ್ಮಿನಿಸ್ಟ್ರೇಟರಿಗೆ ಮಾತ್ರ. ಲ್ಯಾಪ್‌ಟಾಪು ಹೊತ್ತು ತಿರುಗುವವನು ತನ್ನ ಬ್ಯಾಟರಿಯನ್ನು ತಾನು ಉಳಿಸಿಕೊಳ್ಳುವ ಹಾಗಿರಲಿಲ್ಲ. ಜನ ರೋಸಿಹೋಗಿ ಏನು ಮಾಡುತ್ತಿದ್ದರು? ಎಲ್ಲರಿಗೂ ಅಡ್ಮಿನಿಸ್ಟ್ರೇಟರ್ ಹಕ್ಕನ್ನೇ ಕೊಟ್ಟುಬಿಡುತ್ತಿದ್ದರು. ಸಣ್ಣ ಬಾಗಿಲು ಇಲ್ಲದ್ದಕ್ಕೆ ಗೋಡೆಯನ್ನೇ ಕೆಡವಿದ ಹಾಗೆ. ಮುಂದೆ 2007ರಲ್ಲಿ ವಿಸ್ಟಾ ಮಾರುಕಟ್ಟೆಗೆ ಬಂದಾಗ ಆ ಕಂಪೆನಿಯೇ ಕಟ್ಟನ್ನು ಸಡಿಲಿಸಿತು. ಸಾಮಾನ್ಯ ಬಳಕೆದಾರನೂ ಪವರ್ ಪ್ಲಾನು ಬದಲಾಯಿಸಬಹುದು, ಗಡಿಯಾರದ ವಲಯ ಬದಲಾಯಿಸಬಹುದು ಅಂತ ಮಾಡಿದರು. ಅಂದರೆ ಗೆಳೆಯರೇ, ನಮ್ಮ ಯಂತ್ರಗಳಲ್ಲಿ ಆ ಐದು ನಿಮಿಷ ಬೂದಿಬಣ್ಣಕ್ಕೆ ತಿರುಗಿದ್ದು ಯಂತ್ರದ ಹಣೆಬರಹವಲ್ಲ. ಯಾರೋ ಒಬ್ಬರು, ಎಲ್ಲೋ ಒಂದು ಕಡೆ ಕೂತು, ಗ್ರೂಪ್ ಪಾಲಿಸಿ ಅನ್ನೋದರಲ್ಲಿ ಬರೆದದ್ದು. ಮನುಷ್ಯ ಬರೆದದ್ದನ್ನು ಮನುಷ್ಯ ತಿದ್ದಬಹುದು. ನಮ್ಮ ಹಿರಿಯರಿಗೆ ಬಹಳ ಕಾಲ ಹಣೆಬರಹ ಅಂತ ಓದಿ ಹೇಳಿದ್ದೆಲ್ಲ ಹೀಗೇ ಯಾರೋ ಕೂತು ಬರೆದದ್ದೇ ತಾನೆ?

ಹಕ್ಕಿಲ್ಲದ ಅಕೌಂಟಿನಿಂದ ಬದಲಾಯಿಸೋಕ್ಕೆ ಆಗದಿದ್ದರೂ, ನೋಡೋಕ್ಕೆ ಆಗುತ್ತದೆ. ಇದು ಬಹಳ ಮುಖ್ಯ. ಕಮಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ’ ಅಂತ ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ ‘ಎ’ ಅಂತ ಒತ್ತಿದರೆ, ಈ ಯಂತ್ರ ಯಾವ ಯಾವ ಥರದ ನಿದ್ದೆ ಮಾಡಬಲ್ಲದು, ಯಾವುದನ್ನು ತಡೆದಿದ್ದಾರೆ ಅಂತ ಹೇಳುತ್ತದೆ. ಹೈಬರ್ನೇಟ್ ಚಾಲೂ ಮಾಡಿಲ್ಲ ಅಂತ ನನಗೆ ಗೊತ್ತಾದದ್ದು ಹಾಗೆ. ‘ಎ’ ಜಾಗದಲ್ಲಿ ‘ಬ್ಯಾಟರಿರಿಪೋರ್ಟ್’ ಅಂತ ಒಂದೇ ಪದವಾಗಿ ಹೊಡೆದರೆ ಒಂದು ವರದಿ ಬರುತ್ತದೆ. ಅದರಲ್ಲಿ ಎರಡು ಅಂಕಿ ನೋಡಬೇಕು. ಒಂದು, ಹುಟ್ಟಿದಾಗ ಈ ಬ್ಯಾಟರಿಗೆ ಎಷ್ಟು ಶಕ್ತಿ ಇತ್ತು. ಇನ್ನೊಂದು, ಈಗ ಪೂರ್ತಿ ಚಾರ್ಜ್ ಮಾಡಿದರೆ ಎಷ್ಟು ಹಿಡಿಯುತ್ತದೆ. ನನ್ನದರಲ್ಲಿ ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕಡಿಮೆ. ಹದಿನಾಲ್ಕರಿಂದ ಸೊನ್ನೆಗೆ ಬಿದ್ದದ್ದಕ್ಕೆ ಕಾರಣವೂ ಅದೇ. ಸವೆದ ಬ್ಯಾಟರಿಯ ಲೆಕ್ಕ ನಂಬುವ ಹಾಗಿಲ್ಲ. ಐದಕ್ಕೆ ಎಚ್ಚರಿಸುತ್ತೇನೆ ಅನ್ನುವ ಯಂತ್ರಕ್ಕೆ ಐದು ಅನ್ನೋದು ಬರುವುದೇ ಇಲ್ಲ.

ಉಳಿದ ಹತ್ತು ಜನರನ್ನು ಕಂಡೆ. ಅವರದ್ದೂ ಇದೇ ಗೋಳು. ಒಬ್ಬಾಕೆ ಒಂದು ಹಾಡಿಯಲ್ಲಿ ಇಡೀ ದಿನ ತುಂಬಿದ ಆರು ಫಾರಂ ಕಳೆದುಕೊಂಡು, ಆರು ಫಾರಮಿನ ಕೂಲಿ ಕಳೆದುಕೊಂಡು, ಯಾರಿಗೂ ಹೇಳದೆ ಮತ್ತೆ ಅಷ್ಟು ದೂರ ನಡೆದುಹೋಗಿ ತುಂಬಿಕೊಂಡು ಬಂದಿದ್ದಳು. “ನಂದೇ ತಪ್ಪು ಅಂದ್ಕಂಡಿದ್ದೆ ಕನಣ್ಣ. ನಂಗೆ ಕಂಪ್ಯೂಟರ್ ಸರಿಯಾಗಿ ಬರಕ್ಕಿಲ್ವಲ್ಲ” ಅಂದಳು. ಈ ಮಾತು ನನ್ನ ಎದೆಗೆ ಬಡಿಯಿತು. ಬೀಗ ಹಾಕಿದವನಿಗೆ ಬೀಗದ ನೆನಪೇ ಇಲ್ಲ. ಬಾಗಿಲು ತೆರೆಯದವಳು ತನ್ನ ಕೈಯೇ ಸರಿಯಿಲ್ಲ ಅಂದುಕೊಂಡಿದ್ದಾಳೆ. ಮೊದಲ ತಲೆಮಾರಿನವರು ನಾವು ಎಲ್ಲ ಕಡೆ ಮಾಡಿಕೊಳ್ಳುವ ತಪ್ಪೇ ಇದು.

ಹನ್ನೊಂದು ಯಂತ್ರಗಳ ಬ್ಯಾಟರಿ ವರದಿ ತೆಗೆದೆವು. ಎಂಟರಲ್ಲಿ ಬ್ಯಾಟರಿ ಅರ್ಧಕ್ಕಿಂತ ಕೆಳಗೆ. ಎರಡು ಪುಟದ ಅರ್ಜಿ ಬರೆದೆವು, ಕನ್ನಡದಲ್ಲೇ. ಅದರಲ್ಲಿ ಪದ್ಯ ಇರಲಿಲ್ಲ. ಬೈಗುಳವೂ ಇರಲಿಲ್ಲ. ನಮಗೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡು ಬೇಡ ಅಂತಲೇ ಶುರುಮಾಡಿದೆವು. ಜನರ ಮಾಹಿತಿ ಬೇರೆಯವರ ಕಣ್ಣಿಗೆ ಬೀಳಬಾರದು ಅಂತ ತಾನೇ ಈ ಐದು ನಿಮಿಷ? ಅದಕ್ಕೆ ಪರದೆ ಆರಿಸಿ ಬೀಗ ಹಾಕಿದರೆ ಸಾಕು, ಯಂತ್ರವನ್ನೇ ಮಲಗಿಸಬೇಕಾಗಿಲ್ಲ. ಪರದೆಯ ಬೀಗ ಬೇರೆ, ನಿದ್ದೆ ಬೇರೆ. ಬೀಗ ಐದು ನಿಮಿಷಕ್ಕೇ ಇರಲಿ. ನಿದ್ದೆಯನ್ನು ಮೂವತ್ತಕ್ಕೆ ಏರಿಸಿ. ಹೈಬರ್ನೇಟ್ ಚಾಲೂ ಮಾಡಿ. ಬ್ಯಾಟರಿ ಹದಿನೈದಕ್ಕೆ ಇಳಿದಾಗಲೇ ಹೈಬರ್ನೇಟ್ ಆಗಲಿ. ತೀರಾ ಸವೆದ ಬ್ಯಾಟರಿ ಬದಲಾಯಿಸಿ. ಕಳೆದುಹೋದ ಫಾರಂಗಳ ಕೂಲಿ ಕೊಡಿ. ಕೆಳಗೆ ಹನ್ನೊಂದು ಸಹಿ.

ಒಬ್ಬನೇ ಅಂಗಡಿಯಲ್ಲಿ ಬೀಗ ಒಡೆಸಿದ್ದರೆ ನನ್ನ ಯಂತ್ರ ಒಂದೇ ಸರಿಹೋಗುತ್ತಿತ್ತು. ಸಿಕ್ಕಿಬಿದ್ದಿದ್ದರೆ ‘ಕೇರಿ ಹುಡುಗ, ಕೊಟ್ಟ ಸಾಮಾನು ಕೆಡಿಸಿದ’ ಅಂತ ಒಂದು ಹೆಸರೂ ಬರುತ್ತಿತ್ತು. ಹಾಡಿಗೆ ಎರಡನೇ ಸಲ ನಡೆದುಹೋದವಳ ಯಂತ್ರ ಹಾಗೇ ಉಳಿಯುತ್ತಿತ್ತು. ಅದರ ಹೆಸರೇ ಗ್ರೂಪ್ ಪಾಲಿಸಿ. ಗುಂಪಿಗೆ ಹಾಕಿದ ಕಟ್ಟನ್ನು ಗುಂಪೇ ಹೋಗಿ ಬಿಚ್ಚಿಸಬೇಕು.

ಸಿಸ್ಟಂನವರು ಅರ್ಜಿ ಓದಿದರು. ಎರಡು ಸಲ ಓದಿದರು. ಬ್ಯಾಟರಿ ವರದಿಗಳನ್ನು ತಿರುವಿ ಹಾಕಿದರು. ಆಮೇಲೆ ದನಿ ಇಳಿಸಿ ಅಂದರು: “ನೀವು ಹೇಳೋದು ಸರಿ ಕಣ್ರೀ. ಆದ್ರೆ ಇದು ನನ್ನ ಕೈಲಿ ಇಲ್ಲ. ಪಾಲಿಸಿ ಬೆಂಗಳೂರಿಂದ ಬರೋದು. ನನಗೂ ಅಲ್ಲಿ ಪರ್ಮಿಷನ್ ಇಲ್ಲ.”

ನಾವು ಇಷ್ಟು ದಿನ ದೊರೆ ಅಂದುಕೊಂಡಿದ್ದವರೂ ಒಬ್ಬ ನೀರುಗಂಟಿಯೇ! ಅವರ ಮೇಲಿನ ಸಿಟ್ಟು ಅರ್ಧ ಇಳಿಯಿತು. ಅವರೇ ಮೇಲಕ್ಕೆ ಬರೆದರು, ನಮ್ಮ ಅರ್ಜಿಯನ್ನು ಇಂಗ್ಲಿಷಿಗೆ ಮಾಡಿ, ತಾವೂ ಒಂದು ಷರಾ ಹಾಕಿ. ಮೂರು ವಾರ ಏನೂ ಆಗಲಿಲ್ಲ. ನಾಲ್ಕನೇ ವಾರ, ಒಂದು ಸೋಮವಾರ ಯಂತ್ರ ತೆರೆದರೆ, ಬೂದಿಬಣ್ಣದ ಐದು ಹೋಗಿ ಬೂದಿಬಣ್ಣದ ಮೂವತ್ತು ಬಂದಿತ್ತು. ಹೈಬರ್ನೇಟ್ ಬಂದಿತ್ತು. ಹದಿನೈದು ಕೇಳಿದ್ದೆವು, ಹನ್ನೆರಡು ಕೊಟ್ಟಿದ್ದರು. ತೀರಾ ಕೆಟ್ಟ ಮೂರು ಬ್ಯಾಟರಿ ಬದಲಾದವು. ಕಳೆದ ಫಾರಂಗಳ ಕೂಲಿ ಕೊಡಲಿಲ್ಲ. ಅದಕ್ಕೆ ಇನ್ನೊಂದು ಅರ್ಜಿ ಹೋಗಿದೆ.

ಇದೇನು ಕ್ರಾಂತಿಯಲ್ಲ. ಸೆಟ್ಟಿಂಗು ಇವತ್ತಿಗೂ ಬೂದಿಬಣ್ಣದಲ್ಲೇ ಇದೆ, ಕೀಲಿ ಇವತ್ತಿಗೂ ಅವರ ಹತ್ತಿರವೇ ಇದೆ. ತಂಗಿಯ ಆ ವರ್ಷದ ದುಡ್ಡು ಬರಲಿಲ್ಲ, ಬರುವುದೂ ಇಲ್ಲ. ಕುರಿ ವಾಪಸ್ಸು ಬರುವುದಿಲ್ಲ. ಆದರೆ ಐದು ಅನ್ನೋದು ಮೂವತ್ತಾಯಿತು. ಅದು ತಾನಾಗಿ ಆಗಲಿಲ್ಲ.

ಕರೆಂಟಿನ ಕತೆಯೂ ಹೀಗೇ. ನಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದದ್ದು 1902ರಲ್ಲಿ. ಅದು ನೇರ ಹೋದದ್ದು ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿಲೋಮೀಟರ್ ದೂರ. ಮೂರು ವರ್ಷದ ಮೇಲೆ, 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ನಮ್ಮ ಕೇರಿಗೆ ಬಂದದ್ದು ಅಪ್ಪ ಹುಡುಗನಾಗಿದ್ದಾಗ, ಭಾಗ್ಯಜ್ಯೋತಿಯಲ್ಲಿ. ಒಂದು ಮನೆಗೆ ಒಂದೇ ದೀಪ. ಅದಕ್ಕೂ ಹೆಚ್ಚಿಗೆ ಎಳೆದುಕೊಳ್ಳುವ ಹಾಗಿಲ್ಲ. ಅದೂ ಒಂದು ಹಕ್ಕು ಕಡಿಮೆಯಿದ್ದ ಅಕೌಂಟೇ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಿಲ್ಲಿನ ಹೆದರಿಕೆ ಒಂದಷ್ಟು ಹೋಯಿತು. ಪಕ್ಕದ ಹೊಳೆಯ ಕರೆಂಟು ನಮ್ಮ ಮನೆಯ ಸೂರಿಗೆ ಬರೋಕ್ಕೆ ಎಷ್ಟು ವರ್ಷ ಬೇಕಾಯಿತು ನೀವೇ ಲೆಕ್ಕ ಹಾಕಿ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಒಂದು ಮಾತು. ನಿಮ್ಮ ಶಾಲೆಯಲ್ಲೂ ಇಂಥ ಯಂತ್ರ ಇರಬಹುದು. ಪಾಸ್‌ವರ್ಡು ಗೊತ್ತಿದ್ದವರು ವರ್ಗವಾಗಿ ಹೋಗಿರಬಹುದು, ಬೀರುವಿನಲ್ಲಿ ಧೂಳು ಹಿಡಿಯುತ್ತಿರಬಹುದು. ಯಾಕೆ ಹೀಗೆ ಅಂತ ಕೇಳಿ. ಬದಲಾಯಿಸೋಕ್ಕೆ ಹಕ್ಕಿಲ್ಲದಿದ್ದರೆ ನೋಡೋಕ್ಕೆ ಹಕ್ಕಿದೆ, ನೋಡಿ. ಕಂಡದ್ದನ್ನು ಬರೆದಿಡಿ. ಪಕ್ಕದ ಶಾಲೆಯವರನ್ನೂ ಕೇಳಿ. ಮಕ್ಕಳ ಅರ್ಜಿ ತುಂಬುವಾಗ ನಂಬರುಗಳನ್ನೆಲ್ಲ ಮೊದಲೇ ಒಂದು ಕಾಗದದಲ್ಲಿ ಬರೆದಿಟ್ಟುಕೊಂಡು ಕೂರಿ, ಇದನ್ನು ನಾನು ಎರಡು ಕುರಿ ಕೊಟ್ಟು ಕಲಿತಿದ್ದೇನೆ. ವಿದ್ಯಾರ್ಥಿ ಗೆಳೆಯರೇ, ಯಂತ್ರ ನಿಮ್ಮ ಮಾತು ಕೇಳದಿದ್ದಾಗ ನಿಮ್ಮ ಕೈಯನ್ನು ಬೈದುಕೊಳ್ಳುವ ಮುಂಚೆ, ಬೀಗ ಎಲ್ಲಿದೆ ಅಂತ ಒಮ್ಮೆ ಹುಡುಕಿ.

ಈ ವರ್ಷ ತಂಗಿಯ ಅರ್ಜಿಯನ್ನು ಕೊನೇ ದಿನಕ್ಕೆ ಹದಿನೈದು ದಿನ ಮುಂಚೆ ತುಂಬಿದೆವು. ನಡುವೆ ಒಂದು ಸಲ ಕರೆಂಟು ಹೋಯಿತು. ಅವ್ವ ಬುಡ್ಡಿ ಹುಡುಕೋಕ್ಕೆ ಎದ್ದಳು. ತಂಗಿ, “ಕೂತ್ಕವ್ವ, ಇನ್ನೂ ಮೂವತ್ತು ನಿಮಿಷ ಅದೆ” ಅಂದಳು.

ಅಪ್ಪ ಹೊರಗೆ ಜಗಲಿಯ ಮೇಲೆ ಕೂತಿದ್ದ. ಆರ್.ಡಿ. ನಂಬರು ಈ ಸಲ ಅವನಿಗೆ ಬಾಯಿಪಾಠ ಬಂದಿತ್ತು. ಅಲ್ಲಿಂದಲೇ ಒಂದೊಂದೇ ಅಂಕಿ ಕೂಗಿ ಹೇಳಿದ.